ಸಹಾಯ ಬೇಕು: ಎಸ್‌ಎನ್‌ಕ್ಯೂ ಸೀಟು ಸಿಕ್ಕಿದೆ, ಕಾಲೇಜಿನವರು ಮೇಲೆ ದುಡ್ಡು ಕೇಳುತ್ತಿದ್ದಾರೆ

ಎಲ್ಲರಿಗೂ ನಮಸ್ಕಾರ. ನಮ್ಮದು ಕೋಲಾರ ಜಿಲ್ಲೆ, ಶ್ರೀನಿವಾಸಪುರ ತಾಲೂಕು. ಅಕ್ಕನ ಮಗಳಿಗೆ ಸಿಇಟಿ ಮೂಲಕ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿದೆ. ಅದೂ ಎಸ್‌ಎನ್‌ಕ್ಯೂ (ಸೂಪರ್‌ನ್ಯೂಮರರಿ, ಅಂದರೆ ಮಂಜೂರಾದ ಸೀಟುಗಳ ಮೇಲೆ ಹೆಚ್ಚುವರಿಯಾಗಿ ಕೊಡುವ) ಕೋಟಾದಲ್ಲಿ. ಮನೆಯ ಆದಾಯ ವರ್ಷಕ್ಕೆ 8 ಲಕ್ಷದ ಒಳಗಿದ್ದರೆ ಇದರಲ್ಲಿ ಬೋಧನಾ ಶುಲ್ಕ ಮಾಫಿ. ಭಾವ ಹಸು ಸಾಕಿ ಡೈರಿಗೆ ಹಾಲು ಹಾಕುವವರು, 8 ಲಕ್ಷ ಎಲ್ಲಿಂದ ಬರಬೇಕು!

ಸಿಇಟಿ ನಡೆಸಿ ಸೀಟು ಹಂಚುವ ಕೆಇಎಗೆ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕಟ್ಟಬೇಕಾದದ್ದನ್ನು ಕಟ್ಟಿ, ಅಡ್ಮಿಶನ್ ಆರ್ಡರ್ ಹಿಡಿದು ಹೋದರೆ ಕಾಲೇಜಿನಲ್ಲಿ ಬೇರೆಯೇ ಲೆಕ್ಕ. ಸ್ಕಿಲ್ ಲ್ಯಾಬ್, ಟ್ರೈನಿಂಗ್ ಅಂತ ದೊಡ್ಡ ಮೊತ್ತ ಹೇಳಿದರು. ರಸೀದಿ ಕೊಡ್ತೀರಾ ಅಂದರೆ ಉತ್ತರ ಇಲ್ಲ. ಮಾಫಿ ಸೀಟು ತಗೊಂಡವರ ಹತ್ತಿರವೇ ಹೀಗೆ ಕೇಳಿದರೆ ಆ ಮಾಫಿಗೆ ಅರ್ಥ ಏನು ಅಲ್ವಾ? ಕಾಲೇಜಿನ ಹೆಸರು ಬರೆಯಲ್ಲ, ಹುಡುಗಿ ನಾಲ್ಕು ವರ್ಷ ಅಲ್ಲೇ ಓದಬೇಕು.

ಎಸ್‌ಎನ್‌ಕ್ಯೂನಲ್ಲಿ ಓದಿದವರು ಇಲ್ಲಿದ್ದರೆ ಹೇಳಿ: ಈ ದುಡ್ಡು ನೀವೂ ಕಟ್ಟಿದ್ರಾ? ಕೆಇಎಗೆ ಲಿಖಿತ ದೂರು ಕೊಟ್ಟು ಯಾರಿಗಾದರೂ ಕೆಲಸ ಆಗಿದೆಯಾ? ಕಾಲೇಜಿಗೆ ರಿಪೋರ್ಟ್ ಮಾಡುವ ಕೊನೆ ದಿನ ಹತ್ತಿರ ಬಂದಿದೆ, ಅದೇ ಭಯ.

ಇನ್ನೊಂದು. ಅವಳು 2ಎ. ಎಸ್‌ಎಸ್‌ಪಿಯಲ್ಲಿ (ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್) ಸ್ಕಾಲರ್‌ಶಿಪ್‌ಗೆ, ಜೊತೆಗೆ ಹಿಂದುಳಿದ ವರ್ಗದವರ ಬಿಸಿಎಂ ಹಾಸ್ಟೆಲ್‌ಗೆ ಅರ್ಜಿ ಹಾಕಬೇಕು. ಹಾಸ್ಟೆಲ್ ಸಿಗದಿದ್ದರೆ ಕಷ್ಟ. ಶಕ್ತಿ ಯೋಜನೆಯಿಂದ ಬಸ್ಸು ಫ್ರೀ, ನಿಜ, ಆದರೆ ದಿನಾ ಬೆಂಗಳೂರಿಗೆ ಹೋಗಿ ಬಂದು ಓದೋದು ಯಾವಾಗ? ಬೆಂಗಳೂರಿನ ಹಾಸ್ಟೆಲ್‌ಗೆ ಹೊರಜಿಲ್ಲೆಯವರು ಯಾವ ದಾಖಲೆ ಕೊಡಬೇಕು ಅಂತ ಗೊತ್ತಿದ್ದವರು ತಿಳಿಸಿ.

ಸುಮ್ನೆ "ಸಾಲ ಮಾಡಿ ಕಟ್ಟಿಬಿಡಿ" ಅನ್ನಬೇಡಿ. ಅದನ್ನು ಸಂಬಂಧಿಕರೆಲ್ಲ ಆಗಲೇ ಹೇಳಿದ್ದಾರೆ.