‘ಸಂಪರ್ಕ’ ಸಾಲುತ್ತಿಲ್ಲ: ಬೀದಿ ಬೀದಿ ಕೂಡುವುದಕ್ಕೆ ಯಾವ ಪದ?

ಗೆಳೆಯರೇ,

ಊರು ಬೆಳೆದ ಹಾಗೆ ಅದರ ಬೀದಿಗಳು ಹೇಗೆ ಬದಲಾಗುತ್ತವೆ ಎಂದು ಒಂದು ಬರಹ ಬರೆಯುತ್ತಿದ್ದೇನೆ. ‘ಸ್ಟ್ರೀಟ್ ಕನೆಕ್ಟಿವಿಟಿ’ ಎಂಬಲ್ಲಿಗೆ ಬಂದು ನಿಂತುಬಿಟ್ಟಿದ್ದೇನೆ. ‘ರಸ್ತೆ ಸಂಪರ್ಕ’ ಎಂದು ಬರೆದೆ, ಹೊಂದಲಿಲ್ಲ. ಮಳೆಗಾಲದಲ್ಲಿ ಸೇತುವೆ ಮುಳುಗಿದರೆ ‘ಗ್ರಾಮಕ್ಕೆ ರಸ್ತೆ ಸಂಪರ್ಕ ಕಡಿತ’ ಎಂದು ಪೇಪರಿನಲ್ಲಿ ಬರುತ್ತದೆ ಅಲ್ವಾ, ಅಲ್ಲಿ ಕೇಳುವುದು ದಾರಿ ಇದೆಯೋ ಇಲ್ಲವೋ ಅಷ್ಟೇ. ನಾನು ಹೇಳಬೇಕಿರುವುದು ಒಂದು ಬೀದಿಯಿಂದ ಪಕ್ಕದ ಬೀದಿಗೆ ಎಷ್ಟು ಕಡೆ ದಾಟಬಹುದು ಎನ್ನುವುದನ್ನು.

ಬೆಂಗಳೂರಿನ ಮಲ್ಲೇಶ್ವರ ನೋಡಿ. 1898ರ ಪ್ಲೇಗಿನ ಆಸುಪಾಸಿನಲ್ಲಿ ಅಳತೆ ಹಾಕಿ ಕಟ್ಟಿದ ಬಡಾವಣೆ. ಮೇನುಗಳು ಉದ್ದಕ್ಕೆ, ಕ್ರಾಸುಗಳು ಅಡ್ಡಕ್ಕೆ, ಹೆಚ್ಚಿನ ಮೂಲೆಗಳಲ್ಲಿ ನಾಲ್ಕು ದಾರಿ. 8ನೇ ಕ್ರಾಸಿನಲ್ಲಿ ಜನ ಜಾಸ್ತಿ ಇದ್ದರೆ 9ನೆಯದಕ್ಕೆ ತಿರುಗಿದರಾಯಿತು. ನಾನಿರುವ ಸರ್ಜಾಪುರ ರಸ್ತೆಯ ಕಡೆ ಹಾಗಿಲ್ಲ. ಒಬ್ಬೊಬ್ಬರ ಹೊಲ ಒಂದೊಂದು ಲೇಔಟ್ ಆಯಿತು, ಸರ್ವೆ ನಂಬರ್ ಮುಗಿದಲ್ಲಿ ರಸ್ತೆಯೂ ಮುಗಿಯಿತು, ಅಲ್ಲೊಂದು ಕಾಂಪೌಂಡ್ ಎದ್ದಿತು. ಹಿಂದಿನ ಬೀದಿಯ ಮನೆಯ ಕುಕ್ಕರ್ ಕೂಗುವುದು ನಮ್ಮ ಅಡುಗೆಮನೆಗೆ ಕೇಳಿಸುತ್ತದೆ. ಆ ಮನೆಗೆ ಹೋಗಬೇಕೆಂದರೆ ಮೇನ್ ರೋಡಿಗೆ ಬಂದು ಸುತ್ತಿಕೊಂಡು ಸುಮಾರು 2 ಕಿಲೋಮೀಟರ್. ಅಲ್ಲಿನ ಅಜ್ಜಿ ನನ್ನ ಮಗಳಿಗೆ ಕರಿಬೇವು ಕೊಡುವುದು ಗೋಡೆಯ ಮೇಲಿಂದಲೇ.

ಇಂಥ ರಸ್ತೆಗೆ ನಾವೆಲ್ಲ ‘ಡೆಡ್ ಎಂಡ್’ ಅನ್ನುತ್ತೇವೆ. ಆಟೋದವರು ಕೇಳುವುದು ‘ಸಾರ್, ಈ ರೋಡ್ ಹೋಗತ್ತಾ?’ ಎಂದು. ‘ಹೋಗಲ್ಲ’ ಅಂದರೆ ಮುಗಿಯಿತು, ಗಾಡಿ ತಿರುಗಿಸುತ್ತಾರೆ. ನನಗೆ ಈ ‘ಹೋಗು’ ತುಂಬಾ ಇಷ್ಟ. ಆದರೆ ಬರಹದಲ್ಲಿ ‘ಹೋಗದ ರಸ್ತೆ’ ಎಂದು ಹಾಕಿದರೆ ‘ನಾವು ಹೋಗದೆ ಬಿಟ್ಟ ರಸ್ತೆ’ ಎಂದೂ ಓದಿಕೊಳ್ಳಬಹುದು. ಇದನ್ನು ಹೇಗೆ ಬಿಡಿಸುವುದು?

ಕನೆಕ್ಟಿವಿಟಿಗೆ ‘ಕೂಡಿಕೆ’ ಹೊಳೆಯಿತು, ಆದರೆ ಕೂಡಿಕೆ ಮದುವೆ, ಅಂದರೆ ಮರುಮದುವೆ, ನೆನಪಾಗುತ್ತದೆ. ಈಗ ಮನಸ್ಸು ‘ಹೆಣಿಗೆ’ ಕಡೆಗಿದೆ. ಬೀದಿಗಳ ಹೆಣಿಗೆ ಬಿಗಿ ಇದೆ, ಹೊರವಲಯಕ್ಕೆ ಹೋದಂತೆ ಸಡಿಲವಾಗುತ್ತದೆ ಎಂದೆಲ್ಲ ಸಲೀಸಾಗಿ ಬರೆಯಬಹುದು. ಊರು ಅಂಕೆಯಿಲ್ಲದೆ ಹೊರಕ್ಕೆ ಚಾಚಿಕೊಳ್ಳುವ ‘ಸ್ಪ್ರಾಲ್’ಗೆ ‘ಹಬ್ಬು’ ಇಟ್ಟುಕೊಂಡಿದ್ದೇನೆ. ಬಳ್ಳಿಯೂ ಹಬ್ಬುತ್ತದೆ, ಕಾಳ್ಗಿಚ್ಚೂ ಹಬ್ಬುತ್ತದೆ, ಊರಿಗೆ ಎರಡೂ ಒಪ್ಪುತ್ತವೆ.

ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ದಯವಿಟ್ಟು ಹೇಳಿ. ಓಣಿ ಮುಂದೆ ಗೋಡೆಗೆ ಬಂದು ನಿಂತರೆ ನಿಮ್ಮ ಮನೆಯಲ್ಲಿ ಅದಕ್ಕೆ ಏನನ್ನುತ್ತಾರೆ? ನಿಘಂಟು ನೋಡಿ ಹೇಳುವುದು ಬೇಡ, ಬಾಯಲ್ಲಿರುವ ಮಾತೇ ಬೇಕು.