'ಕಂಟ್ರಿ'ಗೆ ನಾಡು ಅನ್ನಬಹುದಾ?

ಗೆಳೆಯರೇ, ಮೆಲ್ಬರ್ನ್‌ನಲ್ಲಿ ಕನ್ನಡ ಕಲಿಯುವ ನಮ್ಮ ಮಕ್ಕಳಿಗೆಂದು ಆಸ್ಟ್ರೇಲಿಯಾದ ಉಲುರು ಬಂಡೆಯ ಬಗ್ಗೆ ಎರಡು ಪುಟ ಬರೆಯಲು ಕೂತು, ಮೊದಲ ಸಾಲಿಗೇ ಸಿಕ್ಕಿಹಾಕಿಕೊಂಡಿದ್ದೇನೆ.

ಇಲ್ಲಿನ ಮೂಲನಿವಾಸಿಗಳ ಬಾಯಲ್ಲಿ 'ಕಂಟ್ರಿ' ಎಂದರೆ ದೇಶ ಅಲ್ಲ. ನೆಲ, ನೀರು, ಆಕಾಶ, ಪ್ರಾಣಿ, ಹಿರಿಯರ ಕಥೆ ಎಲ್ಲ ಅದರಲ್ಲೇ ಬಂತು. ಅದರ ಜೊತೆ ಮಾತಾಡುತ್ತಾರೆ, ಅದಕ್ಕೆ ಹಾಡು ಹೇಳುತ್ತಾರೆ, ನೋಡಿಕೊಳ್ಳದಿದ್ದರೆ ಅದಕ್ಕೆ ಕಾಯಿಲೆ ಎನ್ನುತ್ತಾರೆ. 'ನಾಡು' ಎಂದು ಬರೆದು ಹೊಡೆದುಹಾಕಿದೆ. ನಮ್ಮಲ್ಲಿ ನಾಡು ಕಾಡಿಗೆ ಎದುರು ಅಲ್ವಾ, ಆನೆ ನಾಡಿಗೆ ನುಗ್ಗಿತು ಎನ್ನುತ್ತೇವೆ. 'ನೆಲಜಲ' ಹತ್ತಿರ ಬರುತ್ತದೆ, ಆದರೆ ಕೇಳಿದ ಕೂಡಲೇ ಕಾವೇರಿ ಬಂದ್ ನೆನಪಾಗುತ್ತದೆ!

ಇನ್ನು 'ಟ್ರೆಡಿಷನಲ್ ಓನರ್ಸ್', ಅಂದರೆ ತಲೆತಲಾಂತರದಿಂದ ಆ ನೆಲಕ್ಕೆ ಸೇರಿದ ಮೂಲನಿವಾಸಿಗಳು. 'ಒಡೆಯರು' ಎಂದರೆ ಮೈಸೂರು ಅರಮನೆ ಕಾಣುತ್ತದೆ. 'ಮಾಲೀಕರು' ಒಂದು ಕಡೆ ಸರಿಹೋಗುತ್ತದೆ: 1985ರ ಅಕ್ಟೋಬರ್ 26ರಂದು ಸರ್ಕಾರ ಉಲುರುವಿನ ಹಕ್ಕುಪತ್ರವನ್ನು ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರ ಕೈಗೆ ಕೊಟ್ಟು, ಅದೇ ನೆಲವನ್ನು ಪಾರ್ಕಿಗೆಂದು 99 ವರ್ಷಕ್ಕೆ ಗುತ್ತಿಗೆಗೆ ವಾಪಸ್ ತೆಗೆದುಕೊಂಡಿತಲ್ಲ, ಅಲ್ಲಿ. ಆದರೆ 2019ರಲ್ಲಿ ಬಂಡೆ ಹತ್ತುವುದನ್ನು ನಿಲ್ಲಿಸಿದರು ನೋಡಿ, ಅದು ನಮ್ಮ ಸೈಟಿಗೆ ಕಾಲಿಡಬೇಡಿ ಅನ್ನುವ ಧಾಟಿಯದಲ್ಲ. ಅದು ಅವರಿಗೆ ಪವಿತ್ರ ಜಾಗ, ಹತ್ತಲು ಹೋಗಿ ಯಾರಾದರೂ ಸತ್ತರೆ ಆ ನೋವು ತಮ್ಮದೂ ಹೌದು ಎನ್ನುತ್ತಾರೆ. ಅಲ್ಲಿ 'ಮಾಲೀಕ' ಸುಮ್ನೆ ಪಹಣಿ ಭಾಷೆ. 'ನೆಲದ ಒಕ್ಕಲು' ಎಂದರೆ ಹೇಗೆ? ಗೇಣಿ ಒಕ್ಕಲು ಎಂದುಕೊಂಡರೆ ಅರ್ಥ ಪೂರ್ತಿ ತಿರುಗಿಬಿಡುತ್ತದೆ, ಅದೊಂದು ಭಯ.

ಈ ಕಂಟ್ರಿಯನ್ನು ನೋಡಿಕೊಳ್ಳುವುದಕ್ಕೆ 'ಕೇರಿಂಗ್ ಫಾರ್ ಕಂಟ್ರಿ' ಎನ್ನುತ್ತಾರೆ. ಅದಕ್ಕೆ 'ಸಂರಕ್ಷಣೆ' ನನಗೆ ಬೇಡ. ಅದರಲ್ಲಿ ಬೇಲಿಯ ವಾಸನೆ ಇದೆ. 'ಆರೈಕೆ' ಇರಲಿ, ಬಾಣಂತಿಗೆ ಮಾಡುತ್ತೇವಲ್ಲ, ಹಾಗೆ. ಆದರೆ ಈ ಆರೈಕೆಯಲ್ಲಿ ಬೆಂಕಿಯೂ ಸೇರಿದೆ. ಚಳಿಗಾಲದಲ್ಲಿ ಒಣಹುಲ್ಲನ್ನು ಅಲ್ಲೊಂದು ಇಲ್ಲೊಂದು ತುಂಡು ಸುಟ್ಟುಬಿಟ್ಟರೆ ಬೇಸಿಗೆಯ ದೊಡ್ಡ ಬೆಂಕಿಗೆ ಮೇವಿರುವುದಿಲ್ಲ. ಇದಕ್ಕೆ ಹೊಸ ಪದ ಕಟ್ಟಬೇಕಿಲ್ಲ ಅನ್ನಿಸುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ 'ತರಗು ಬೆಂಕಿ' ಇದೆ. ತರಗೆಲೆ ಮಾತ್ರ ಸುಡುವ, ಮರ ಸುಡದ ಬೆಂಕಿ. ಅದು ನಿಂತ ಮೇಲೆ ಲಂಟಾನ ಕಳೆ ಜಾಸ್ತಿಯಾಯಿತು ಎನ್ನುವುದು ಅವರ ಮಾತು.

ಹುಲ್ಲಿನ ಬೆಂಕಿಗೂ 'ತರಗು' ಒಪ್ಪುತ್ತದಾ? ಕ್ರಿಯಾಪದ ಯಾವುದು? 'ಬೆಂಕಿ ಇಟ್ಟರು' ಎಂದರೆ ಬಣವೆಗೆ ಇಟ್ಟ ಹಾಗಾಗುತ್ತದೆ. ಚಾಮರಾಜನಗರ, ಯಳಂದೂರು ಕಡೆಯವರು ಯಾರಾದರೂ ಇದ್ದರೆ ಸೋಲಿಗರು ಏನನ್ನುತ್ತಾರೆ ತಿಳಿಸಿ, ಹಾಕುತ್ತಾರಾ, ಹಚ್ಚುತ್ತಾರಾ?