ಮೆತ್ತನೆ ಶೂ, ನಮ್ಮ ಗುಡ್ಡ: ಮನೆ ಗುಂಪಿನಲ್ಲಿ ನಡೆದ ಚರ್ಚೆ

ತಮ್ಮ: ಹೋಕಾ ಸ್ಪೀಡ್‌ಗೋಟ್ 6. ಗುಡ್ಡದ ದಾರಿಯಲ್ಲಿ ಓಡುವ ಶೂ. ಲಿಂಕ್ ಹಾಕಿದ್ದೇನೆ, ನೋಡಿ. ಕಾಫಿ ತೋಟಗಳ ಒಳಗೆ 50 ಕಿ.ಮೀ. ಓಟಕ್ಕೆ ಹೆಸರು ಕೊಟ್ಟಿದ್ದೇನಲ್ಲ, ಅದಕ್ಕೆ ಇದನ್ನೇ ತಗೊಳ್ಳೋಣ ಅಂತ. ಹಿಮ್ಮಡಿ ಕೆಳಗೆ 40 ಮಿ.ಮೀ. ಎತ್ತರ, ಮುಂಗಾಲಿನ ಕೆಳಗೆ 35. ತುಂಬಾ ಮೆತ್ತಗೆ ಇರುತ್ತಂತೆ.

ದೊಡ್ಡಪ್ಪ: ನರಕ ಚತುರ್ದಶಿಗೆ ದೇವೀರಮ್ಮನ ಬೆಟ್ಟಕ್ಕೆ ಜನ ಬರಿಗಾಲಲ್ಲಿ ಹತ್ತುತ್ತಾರೆ. ನಾನೂ ಹತ್ತಿದವನೇ. ಕಲ್ಲು ಕಾಲಿಗೆ ಗೊತ್ತಾಗಬೇಕು ಕಣೋ. ಇಷ್ಟು ದಪ್ಪ ಅಟ್ಟೆ ಹಾಕಿಕೊಂಡರೆ ಹೆಜ್ಜೆ ಎಲ್ಲಿ ಬಿತ್ತು ಅಂತ ಹೇಗೆ ತಿಳಿಯುತ್ತದೆ?

ಭಾವ: ದೊಡ್ಡಪ್ಪ, ಅದು ನಿಧಾನವಾಗಿ ಹತ್ತಿ ಇಳಿಯುವುದು. ಇವನು ಗಂಟೆಗಟ್ಟಲೆ ಓಡಬೇಕು. ಇಳಿಜಾರಿನಲ್ಲಿ ಓಡುವಾಗ ಪ್ರತಿ ಹೆಜ್ಜೆಗೂ ತೊಡೆಯೇ ಬ್ರೇಕ್ ಹಿಡಿಯಬೇಕು. ಮೂವತ್ತು ಕಿಲೋಮೀಟರ್ ಆದ ಮೇಲೆ ತೊಡೆ ನಡುಗುವುದಕ್ಕೆ ಅದೇ ಕಾರಣ. ಪಾದವೂ ಅಷ್ಟೊತ್ತಿಗೆ ಉರಿಯುತ್ತಿರುತ್ತದೆ. ಕುಶನ್ ಇರಲೇಬೇಕು. ತಗೋ ಮಾರಾಯ.

ತಮ್ಮ: ಅಕ್ಕ ಏನು ಹೇಳುತ್ತಾಳೆ?

ನಾನು: ನೀನು ಮೆತ್ತಗೆ ಇದೆಯಾ ಅಂತ ನೋಡುತ್ತಿದ್ದೀಯ. ನಾನು ಮೊದಲು ಶೂ ಮಗುಚಿ ಸೋಲ್ ನೋಡುತ್ತೇನೆ. ನಮ್ಮ ಕಡೆ ಓಟ ಕೆಡುವುದು ಕಾಲು ನೋಯುವುದರಿಂದಲ್ಲ, ಕಾಲು ಜಾರುವುದರಿಂದ. ಮಳೆ ಬಿಟ್ಟರೂ ತೋಟದ ರಸ್ತೆ ಒಣಗುವುದಿಲ್ಲ. ನೆರಳು ಜಾಸ್ತಿ. ಸಿಲ್ವರ್ ಓಕ್ ಎಲೆ ನೆನೆದು ದಾರಿ ತುಂಬಾ ಹಾಸಿಕೊಂಡಿರುತ್ತದೆ. ಅದರ ಕೆಳಗೆ ಉರುಟು ಕಲ್ಲಿದೆಯೋ ಜೀಪಿನ ಚಕ್ರ ತೋಡಿದ ಗುಂಡಿ ಇದೆಯೋ ಕಾಣುವುದೇ ಇಲ್ಲ. ಎಲೆ ಮೇಲೆ ಕಾಲಿಟ್ಟ ಕೂಡಲೇ ಎಲೆಯೇ ಕಲ್ಲಿನ ಮೇಲೆ ಜಾರುತ್ತದೆ. ಅಲ್ಲಿ 40 ಮಿಲಿಮೀಟರ್ ಫೋಮ್ ಏನು ಮಾಡುತ್ತದೆ?

ತಮ್ಮ: ಅಕ್ಕ, ಇದರ ಸೋಲ್ ವಿಬ್ರಾಂ ಕಂಪನಿಯ ಮೆಗಾಗ್ರಿಪ್ ರಬ್ಬರ್. ಹಲ್ಲು 5 ಮಿ.ಮೀ.

ನಾನು: ನೋಡಿದೆ. ಈ ಶೂನಲ್ಲಿ ನನಗೆ ಹಿಡಿಸಿದ್ದು ಅದೇ. ವಿಬ್ರಾಂ ಶುರುವಾದದ್ದೇ ಗುಡ್ಡದಲ್ಲಿ ಸತ್ತವರಿಂದ. 1935ರಲ್ಲಿ ವಿಟಾಲೆ ಬ್ರಮಾನಿ ಅನ್ನುವ ಇಟಲಿಯ ಪರ್ವತಾರೋಹಿ ಆಲ್ಪ್ಸ್‌ನಲ್ಲಿ ಆರು ಜನ ಗೆಳೆಯರನ್ನು ಕಳೆದುಕೊಂಡ. ಅವರ ಕಾಲಲ್ಲಿ ಆ ಜಾಗಕ್ಕೆ ಸರಿಯಾದ ಬೂಟ್ ಇರಲಿಲ್ಲ. ಆಮೇಲೆ 1937ರಲ್ಲಿ ಹಲ್ಲಿರುವ ರಬ್ಬರ್ ಸೋಲ್ ತಂದ. ಮೆಗಾಗ್ರಿಪ್ ಒದ್ದೆ ಕಲ್ಲಿಗೂ ಹಿಡಿಯುವ ರಬ್ಬರ್. ಆದರೆ ಪಾಚಿ ಕಟ್ಟಿದ ಬಂಡೆಗೆ ಯಾವ ರಬ್ಬರೂ ಹಿಡಿಯಲ್ಲ. ಅಲ್ಲಿ ನಡಿ, ಓಡಬೇಡ.

ಭಾವ: ಹಾಗಾದರೆ ನೀವೂ ತಗೋ ಅಂತಲೇ ಹೇಳುತ್ತಿದ್ದೀರಲ್ಲ?

ನಾನು: ಇಲ್ಲ ಭಾವ, ಎತ್ತರದ್ದು ಬಾಕಿ ಇದೆ. ಸರ್ಪಧಾರಿಯಿಂದ ಮುಳ್ಳಯ್ಯನಗಿರಿಗೆ ಹತ್ತುವ ಕಾಲುದಾರಿ ನೆನಪಿಸಿಕೊಳ್ಳಿ. ಹುಲ್ಲಿನ ನಡುವೆ ಒಂದೇ ಹೆಜ್ಜೆ ಅಗಲ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಇಳಿಜಾರು. ಕಾಲು ಯಾವಾಗಲೂ ಓರೆಯಾಗಿಯೇ ಬೀಳುತ್ತದೆ. ಪಾದ ನೆಲದಿಂದ ಎಷ್ಟು ಮೇಲಿದೆಯೋ ಕಣಕಾಲು ಮಗುಚುವ ಜೋರು ಅಷ್ಟು ಜಾಸ್ತಿ. ಸೋಲ್ ಅಗಲ ಇದ್ದರೆ ಸ್ವಲ್ಪ ತಡೆಯುತ್ತದೆ, ಪೂರ್ತಿ ಅಲ್ಲ. ದೊಡ್ಡಪ್ಪ ಹೇಳಿದ್ದರಲ್ಲಿ ಅರ್ಥ ಇದೆ. ಕಲ್ಲು ಕಾಲಿಗೆ ಸ್ವಲ್ಪವಾದರೂ ಗೊತ್ತಾಗಬೇಕು.

ದೊಡ್ಡಪ್ಪ: ಹಾಗೆ ಹೇಳಮ್ಮ.

ತಮ್ಮ: ಆದರೆ ಕಾರ್ಲ್ ಮೆಲ್ಟ್ಜರ್ ಹೆಸರಲ್ಲೇ ಬಂದ ಶೂ ಅಲ್ವಾ ಇದು. ಸ್ಪೀಡ್‌ಗೋಟ್ ಅಂತ ಅವನ ಅಡ್ಡಹೆಸರು. ನೂರು ಮೈಲಿ ಓಟ ಎಷ್ಟೊಂದು ಗೆದ್ದವನು. 2016ರಲ್ಲಿ ಅಪಲಾಚಿಯನ್ ಟ್ರೈಲ್ ಅನ್ನುವ ಅಮೆರಿಕದ ಉದ್ದನೆಯ ಕಾಲುದಾರಿಯನ್ನು ಪೂರ್ತಿ 46 ದಿನದೊಳಗೆ ಮುಗಿಸಿದ.

ನಾನು: ದೊಡ್ಡ ಓಟಗಾರ, ಎರಡು ಮಾತಿಲ್ಲ. ಆದರೆ ಅವನ ಊರು ಅಮೆರಿಕದ ಯೂಟಾ. ಒಣ ಸೀಮೆ. ನೀನು ಓಡುವುದು ಮಳೆಗಾಲ ಮುಗಿಯುತ್ತಿರುವ ಚಿಕ್ಕಮಗಳೂರಲ್ಲಿ. ಅವನ ಕಣಕಾಲು ಬೇರೆ, ನಿನ್ನದು ಬೇರೆ. ಹೋದ ವರ್ಷ ಉಳುಕಿತ್ತಲ್ಲ, ಅದೇ ಎಡಗಾಲು.

ಅತ್ತಿಗೆ: ಅದು ಇನ್ನೂ ಪೂರ್ತಿ ಸರಿಯಾಗಿಲ್ಲ. ಮೆಟ್ಟಿಲು ಇಳಿಯುವಾಗ ನಾನೇ ನೋಡಿದ್ದೇನೆ.

ಭಾವ: ಕುಶನ್ ಕಮ್ಮಿ ಇದ್ದರೆ ಮಂಡಿಗೆ ಹೊಡೆತ ಬೀಳುತ್ತದಲ್ಲ, ಅದಕ್ಕೇನು ಮಾಡುತ್ತೀರಿ?

ನಾನು: ಅಷ್ಟು ಸುಲಭ ಅಲ್ಲ ಭಾವ. 2018ರಲ್ಲಿ ಫಿನ್ಲೆಂಡಿನ ಸಂಶೋಧಕರು ಮಾಮೂಲಿ ಶೂ, ದಪ್ಪ ಕುಶನ್ ಶೂ ಎರಡನ್ನೂ ಹಾಕಿಸಿ ಓಡಿಸಿದರು. ವೇಗ ಏರಿದಾಗ ದಪ್ಪ ಶೂನಲ್ಲೇ ನೆಲದ ಹೊಡೆತ ಜಾಸ್ತಿ ಬಂತು. ಕೆಳಗೆ ಮೆತ್ತಗಿದ್ದರೆ ಕಾಲು ತಾನಾಗಿ ಬಿಗಿಯಾಗುತ್ತದೆ.

ಭಾವ: ಅದು ಸಮತಟ್ಟು ನೆಲದ ಓಟ. ಐವತ್ತು ಕಿಲೋಮೀಟರ್ ಗುಡ್ಡ ಹತ್ತಿ ಇಳಿದದ್ದಲ್ಲ. ದಣಿದ ಪಾದಕ್ಕೆ ಏನು ಬೇಕು ಅಂತ ಅದು ಹೇಳುವುದಿಲ್ಲ.

ನಾನು: ಆ ಮಾತು ಸರಿ. ಅದಕ್ಕೇ ಬೇಡವೇ ಬೇಡ ಅನ್ನುತ್ತಿಲ್ಲ. ಗಟ್ಟಿ ಜೀಪ್ ರಸ್ತೆ, ಡಾಂಬರು ಇಳಿಜಾರು ಜಾಸ್ತಿ ಇದ್ದರೆ ಕುಶನ್ ಸುಖ. ಇವನ ಓಟದಲ್ಲಿ ಅದೆಷ್ಟು, ಓರೆ ಕಾಲುದಾರಿ ಎಷ್ಟು, ಅದನ್ನು ಮೊದಲು ನಕ್ಷೆ ಇಟ್ಟುಕೊಂಡು ನೋಡಬೇಕು. ಸುಮ್ನೆ ಎಲ್ಲರೂ ಹೊಗಳಿದರು ಅಂತ ದುಡ್ಡು ಹಾಕಬಾರದು.

ಚಿಕ್ಕಮ್ಮ: ಶೂ ಯಾವುದಾದರೂ ಇರಲಿ, ಇಂಬಳಕ್ಕೆ ಏನು ಮಾಡುತ್ತೀ? ಜಾಲರಿ ಬಟ್ಟೆ ಅದು. ಸಾಕ್ಸ್‌ಗೆ ಹೊಗೆಸೊಪ್ಪಿನ ನೀರು ಹಚ್ಚಿಕೊಂಡು ಹೋಗು.

ತಮ್ಮ: ಸರಿ ಚಿಕ್ಕಮ್ಮ. ಒಂದು ಕಾಲಿನದು 278 ಗ್ರಾಂ ಅಂತೆ. ಭಾರನಾ?

ನಾನು: ಈ ದಪ್ಪಕ್ಕೆ ಹಗುರವೇ. ಶೂ ನೂರು ಗ್ರಾಂ ಏರಿದರೆ ಓಡುವ ಶ್ರಮ ಶೇಕಡಾ 1ರಷ್ಟು ಏರುತ್ತದೆ. ಅದಕ್ಕಿಂತ ನೀರಿನದು ದೊಡ್ಡ ವಿಷಯ. ಹಳ್ಳ ದಾಟಿದ ಮೇಲೆ ನೀರು ಬೇಗ ಸೋರಿ ಹೋಗಬೇಕು. ಒಳಗಿನ ಪ್ಯಾಡ್ ನೀರು ಹಿಡಿದುಕೊಂಡರೆ ಹಿಮ್ಮಡಿ ಬೊಬ್ಬೆ ಏಳುತ್ತದೆ. ಇನ್ನು ಅಳತೆ. ಅರ್ಧ ನಂಬರ್ ದೊಡ್ಡದು ನೋಡು. ಓಡುತ್ತಾ ಪಾದ ಊದುತ್ತದೆ, ಇಳಿಜಾರಿನಲ್ಲಿ ಬೆರಳು ಮುಂದೆ ಹೋಗಿ ಗುದ್ದುತ್ತದೆ. ಉಗುರು ಕಪ್ಪಾಗುವುದು ಅದಕ್ಕೇ. ಲೇಸನ್ನು ಮೇಲಿನ ಕೊನೆ ತೂತಿಗೂ ಹಾಕಿ ಕಣಕಾಲ ಹತ್ತಿರ ಬಿಗಿ ಮಾಡಿದರೆ ಪಾದ ಮುಂದೆ ಜಾರಲ್ಲ.

ಅತ್ತಿಗೆ: ಒದ್ದೆ ಶೂ ಒಲೆ ಮುಂದೆ ಇಡಬೇಡ ಅಂತಲೂ ಹೇಳಿ. ಹಿಂದಿನ ಜೋಡಿಯ ಸೋಲ್ ಬಿಟ್ಟದ್ದು ಹಾಗೇ.

ನಾನು: ಹೌದು, ಅಂಟು ಬಿಡುತ್ತದೆ. ಪೇಪರ್ ತುರುಕಿ ಗಾಳಿಗೆ ಇಡು. ಫೋಮ್ ಸತ್ತಿದೆಯಾ ಅಂತಲೂ ಆಗಾಗ ನೋಡುತ್ತಿರು. ಸೋಲಿನ ಪಕ್ಕದಲ್ಲಿ ಹಿಮ್ಮಡಿ ಹತ್ತಿರ ಅಡ್ಡಡ್ಡ ಸುಕ್ಕು ಬೀಳುತ್ತದೆ. ಹೆಬ್ಬೆರಳಿಂದ ಒತ್ತಿದರೆ ಒಳಗೆ ಹೋಗಲ್ಲ, ಗಟ್ಟಿ ಇರುತ್ತದೆ. ಆಮೇಲೆ ಅದರಲ್ಲಿ ಎತ್ತರ ಮಾತ್ರ ಉಳಿದಿರುತ್ತದೆ.

ತಮ್ಮ: ಶನಿವಾರ ಸಂಜೆ ಬೆಂಗಳೂರಿನ ಅಂಗಡಿಗೆ ಹೋಗುತ್ತೇನೆ. ಓಡುವ ಸಾಕ್ಸ್ ತಗೊಂಡೇ ಹೋಗುತ್ತೇನೆ. ಇದನ್ನೂ, ಇದೇ ರಬ್ಬರ್ ಇದ್ದು ಎತ್ತರ ಕಮ್ಮಿ ಇರುವ ಇನ್ನೊಂದನ್ನೂ ಹಾಕಿ ನೋಡುತ್ತೇನೆ.

ನಾನು: ಎರಡನ್ನೂ ಹಾಕಿಕೊಂಡು ಎಡಗಾಲ ಮೇಲೆ ಒಂಟಿಯಾಗಿ ನಿಲ್ಲು, ಕಣ್ಣು ಮುಚ್ಚಿ. ಅಂಗಡಿ ಹೊರಗೆ ಇಳಿಜಾರಿದ್ದರೆ ಅಡ್ಡ ನಡೆದು ನೋಡು. ಎಲ್ಲಿ ಕಣಕಾಲು ಅಲುಗಾಡುತ್ತದೋ ಅದು ಬೇಡ.

ಭಾವ: ರಬ್ಬರ್ ವಿಷಯ ಒಪ್ಪಿದೆ. ಎತ್ತರದ ವಿಷಯ ನಾನು ಇನ್ನೂ ಒಪ್ಪಿಲ್ಲ. ಶನಿವಾರ ನಾನೂ ಅಂಗಡಿಗೆ ಬರುತ್ತೇನೆ ಕಣೋ.